ಮಾವನ ಮನೆಗೆ ಜೋಡಿ ಸೈಕಲ್

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಆ ದಾರಿ ದಾಟೋದಕ್ಕೆ ನನಗೆ ನಾಲ್ಕು ವರ್ಷ ಹಿಡಿಯಿತು. ಕಾರಣ ನನ್ನ ಬಾಯಿ.

ತೊಂಬತ್ತರ ದಶಕದ ಮಾತು. ನನ್ನ ಹೆಂಡತಿಯ ತವರು ಶಿವಮೊಗ್ಗದ ಕೋಟೆ ರಸ್ತೆಯ ಹಿಂದಿನ ಓಣಿಯಲ್ಲಿ. ಬಾಣಂತನ ಮುಗಿದು ಮಗಳಿಗೆ ಐದು ತಿಂಗಳಾದಾಗ ಇಬ್ಬರನ್ನೂ ಕರಕೊಂಡು ಬರೋಕೆ ಹೋಗಿದ್ದೆ. ನಮ್ಮ ಮಾವ ಸಾಗರದ ಕಡೆಗೆ ಬಸ್ಸು ಓಡಿಸಿ ರಿಟೈರಾದವರು. ಆಯನೂರು, ಕುಂಸಿಯ ಒಂದೊಂದು ತಿರುವೂ ಅವರಿಗೆ ಬಾಯಿಪಾಠ. ನೆಂಟರೆಲ್ಲ ಕೂತಿದ್ದ ಪಡಸಾಲೆಯಲ್ಲಿ ಅವರು, "ಹಸುಗೂಸನ್ನ ಎತ್ತಿಕೊಂಡು ರಶ್ ಬಸ್ಸಲ್ಲಿ ನೇತಾಡ್ಕೊಂಡು ಹೋಗ್ತೀರಾ? ಸ್ವಂತದ್ದು ಅಂತ ಒಂದು ಗಾಡಿ ಬೇಡ್ವೇನಪ್ಪ ಮನುಷ್ಯನಿಗೆ?" ಅಂದರು. ಮಾತಲ್ಲಿ ತಪ್ಪಿರಲಿಲ್ಲ. ಆದರೆ ನನಗೋ ಮೂಗಿನ ತುದೀಲೇ ಕೋಪ. "ಇನ್ನೊಂದು ಸಲ ಈ ಹೊಸಿಲು ತುಳಿಯೋದು ನನ್ನ ಸ್ವಂತ ಗಾಡೀಲಿ ಬಂದಾಗಲೇ" ಅಂತ ಎಲ್ಲರ ಮುಂದೆ ಅಂದುಬಿಟ್ಟೆ.

ಹೆಂಡತಿ ಮಗಳನ್ನ ಎತ್ತಿಕೊಂಡು ನನ್ನ ಹಿಂದೆಯೇ ಬಸ್ಸು ಹತ್ತಿದಳು. ಭದ್ರಾವತಿಯಲ್ಲಿ ಬಸ್ಸಿಳಿದ ಮೇಲೆ, "ನೀವು ಬರದ ಮನೆಗೆ ನಾನೂ ಹೋಗಲ್ಲ, ತಿಳ್ಕೊಳ್ಳಿ" ಅಂದಳು. ಅವಳೂ ಆ ಡ್ರೈವರ್ ಮಗಳೇ ತಾನೇ? ಹೇಳಿದ ಹಾಗೇ ನಡೆದಳು. ಅತ್ತೆ ಆಗಾಗ ಬಂದು ಮೊಮ್ಮಗಳನ್ನ ನೋಡಿಕೊಂಡು ಹೋಗೋರು. ಮಾವ ಬರಲಿಲ್ಲ. ಗೌರಿ ಹಬ್ಬಕ್ಕೆ ಬೀದಿಯ ಹೆಂಗಸರು ತವರಿಗೆ ಹೊರಟರೆ ಇವಳು ಬಾಗಿಲಲ್ಲಿ ನಿಂತು ನೋಡೋಳು. ಅವಳು ನನ್ನನ್ನ ಬೈದಿದ್ದರೂ ತಡಕೊಳ್ಳಬಹುದಿತ್ತು.

ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟು ವೆಲ್ಡಿಂಗ್ ಶೆಡ್ಡು ಸೇರಿದವನು. ಗೇಟು, ಗ್ರಿಲ್ಲು, ನೀರಿನ ಟ್ಯಾಂಕಿನ ಸ್ಟ್ಯಾಂಡು, ಏನೇ ಇರಲಿ, ನಾನು ಬೆಸೆದದ್ದು ಇವತ್ತಿನವರೆಗೂ ಬಿಟ್ಟುಕೊಂಡಿಲ್ಲ. ಜಂಬ ಅಂದರೆ ಅನ್ನಲಿ. ಆದರೆ ಸ್ಕೂಟರು ಕೊಳ್ಳೋದು ಮಾತ್ರ ವರ್ಷದಿಂದ ವರ್ಷಕ್ಕೆ ಮುಂದೆ ಹೋಗ್ತಿತ್ತು. ಒಂದು ದಿನ ಗುಜರಿ ಅಂಗಡೀಲಿ ಎರಡು ಹಳೇ ಸೈಕಲ್ಲು ಕಣ್ಣಿಗೆ ಬಿದ್ದವು. ಒಂದಕ್ಕೆ ಹಿಂದಿನ ಚಕ್ರ ಇಲ್ಲ, ಇನ್ನೊಂದಕ್ಕೆ ಮುಂದಿನದು ಇಲ್ಲ. ನೋಡ್ತಾ ನೋಡ್ತಾ, ಎರಡನ್ನೂ ಸೇರಿಸಿ ಬೆಸೆದರೆ ಒಂದು ಗಾಡಿಯಾಗುತ್ತಲ್ಲ ಅಂತ ಹೊಳೆಯಿತು. ಎರಡನ್ನೂ ಹೆಗಲ ಮೇಲೆ ಹೊತ್ತುಕೊಂಡೇ ಶೆಡ್ಡಿಗೆ ಬಂದೆ.

ಮೂರು ಭಾನುವಾರ ಕೂತೆ. ಒಂದರ ಹಿಂದೆ ಒಂದು ಫ್ರೇಮು ಇಟ್ಟು, ದಾರ ಎಳೆದು ನೇರ ನೋಡಿ ಬೆಸೆದೆ. ಎರಡು ಸೀಟು, ಎರಡು ಜೊತೆ ಪೆಡಲು. ನಡುವೆ ಮಗಳಿಗೊಂದು ಪುಟ್ಟ ಸೀಟು. ನಮ್ಮ ಶೆಡ್ಡಿನ ತಮಿಳು ಮೇಸ್ತ್ರಿ ಬೀಡಿ ಕಚ್ಚಿಕೊಂಡು ಸುತ್ತ ಒಂದು ಪ್ರದಕ್ಷಿಣೆ ಬಂದು, "ಇದೇನ್‌ಪಾ, ಸೈಕಲ್ಲಾ ರೈಲಾ? ಗಾರ್ಡ್ ಡಬ್ಬಿ ಯಾವಾಗ ಹಾಕ್ತೀಯ?" ಅಂದ.

ಬಣ್ಣ ಹೊಡೆದು, ಎದೆಯುಬ್ಬಿಸಿಕೊಂಡು ಮನೆ ಮುಂದೆ ತಂದು ನಿಲ್ಲಿಸಿದೆ. ಹೆಂಡತಿ ಕೈ ಒರೆಸಿಕೊಂಡು ಹೊರಗೆ ಬಂದಳು. ಮೇಲಿಂದ ಕೆಳಗೆ ನೋಡಿದಳು.

"ಚೆನ್ನಾಗಿದೆ ರೀ. ಆದ್ರೆ ಹಿಂದೆ ಕೂರೋದು ಯಾರು?"

"ನೀನೇ ಮಾರಾಯ್ತಿ!"

"ಸೀರೆ ಉಟ್ಕೊಂಡು ಈ ಬಾರ್ ದಾಟಿ ಹತ್ತೋದು ಹೇಗೆ? ನೀವೇ ಒಂದ್ಸಲ ಸೀರೆ ಉಟ್ಟು ಹತ್ತಿ ತೋರಿಸಿ."

ಎದುರುಮನೆಯವರೆಲ್ಲ ನಕ್ಕರು. ಎರಡೂ ಗಂಡಸರ ಸೈಕಲ್ಲು! ಮೂರು ವಾರ ತಲೆ ಬಗ್ಗಿಸಿ ಬೆಸೆದವನಿಗೆ ಅದೊಂದು ಹೊಳೆದೇ ಇರಲಿಲ್ಲ. ಮುಂದಿನ ಭಾನುವಾರ ಹಿಂದಿನ ಬಾರ್ ಕತ್ತರಿಸಿ, ಲೇಡೀಸ್ ಸೈಕಲ್ ಥರ ಬಗ್ಗಿಸಿ ಹಾಕಿದೆ.

ಆಮೇಲೆ ಶುರುವಾಯಿತು ನೋಡಿ ನಮ್ಮ ಭಾನುವಾರಗಳು! ಹೊತ್ತು ಮೂಡೋ ಮೊದಲೇ ಚಿತ್ರಾನ್ನ ಕಟ್ಟಿಕೊಂಡು ಚಾನೆಲ್ ಏರಿ ಮೇಲೆ ಪ್ರಾಕ್ಟೀಸು. ಒಂದು ಕಡೆ ಭದ್ರೆಯ ನೀರು ಹರಿಯೋ ಕಾಲುವೆ, ಇನ್ನೊಂದು ಕಡೆ ಗದ್ದೆ. ಅವಳು ಹುಟ್ಟಿದಾಗಿನಿಂದ ಪೆಡಲು ಮುಟ್ಟಿದವಳಲ್ಲ. ಯಾರಾದರೂ ಎದುರು ಬಂದರೆ ನಾಚಿಕೆಯಾಗಿ ಕಾಲು ನಿಲ್ಲಿಸಿಬಿಡೋಳು, ಅವಳು ನಿಲ್ಲಿಸಿದರೆ ನನ್ನ ಕಾಲೂ ನಿಲ್ಲೋದು, ಮೂವರೂ ಗದ್ದೆ ಕೆಸರಿಗೆ. ಎರಡು ಸಲ ಬಿದ್ದೆವು. ಮಗಳು ಕೆಸರು ಮುಖದಲ್ಲೇ ಚಪ್ಪಾಳೆ ತಟ್ಟಿ, "ಅಪ್ಪಾ, ಇನ್ನೊಂದ್ಸಲ ಬೀಳೋಣ!" ಅಂತಿತ್ತು.

ಆ ಜೂನಿಗೆ ಮಗಳು ಶಾಲೆಗೆ ಸೇರಬೇಕು. ಅದಕ್ಕೆ ಮೊದಲು ತಾತನ ಮನೆ ತೋರಿಸಲೇಬೇಕು ಅಂತ ಮೇ ತಿಂಗಳ ಒಂದು ಭಾನುವಾರ ಹೊರಟೆವು. ಹೆಂಡತಿ ಮದುವೆಯ ಹಸಿರು ಸೀರೆ ಉಟ್ಟು ಸೆರಗು ಬಿಗಿದು ಸಿಕ್ಕಿಸಿಕೊಂಡಿದ್ದಳು. ಹೈವೇ ಹತ್ತಿದ ಮೇಲೆ ಗಾಡಿ ಏನು ಓಡಿತು ಅಂತೀರಿ! ಲಾರಿ ಕ್ಲೀನರುಗಳು ಶಿಳ್ಳೆ ಹೊಡೆದರು. ಬಸ್ಸಿನ ಕಿಟಕಿಗಳಿಂದ ತಲೆಗಳು ಹೊರಬಂದವು. ಟೀ ಅಂಗಡಿ ಮುಂದೆ ಒಬ್ಬ, "ಅಣ್ಣಾ, ನಿದಿಗೆಗೆ ಒಂದು ಸೀಟ್ ಇದ್ಯಾ?" ಅಂತ ಕೂಗಿದ. ಮಲವಗೊಪ್ಪದ ಗುಡಿ ಮುಂದೆ ಹೊಸ ಗಾಡಿಗೆ ಪೂಜೆ ಮಾಡಿಸಿ, ಎರಡು ಚಕ್ರಕ್ಕೂ ನಿಂಬೆಹಣ್ಣಿಟ್ಟು ಹತ್ತಿಸಿಕೊಂಡು ಹೊರಟೆವು.

ಗುಡಿ ದಾಟಿ ಅರ್ಧ ಮೈಲಿ ಹೋಗಿರಬೇಕು, ಟಪ್ ಅಂತ ಸದ್ದು. ನನ್ನ ಕಾಲು ಗಾಳಿಯಲ್ಲಿ ತಿರುಗತೊಡಗಿತು. ಇಳಿದು ನೋಡಿದರೆ ಮುಂದಿನ ಚೈನು ಕಟ್ಟಾಗಿ ರಸ್ತೆಯಲ್ಲಿ ಬಿದ್ದಿದೆ. ಗುಜರಿಯ ಹಳೇ ಚೈನು. ಬೆಸುಗೆ ಮೇಲಿನ ನಂಬಿಕೆಯಲ್ಲಿ ಚೈನಿನ ಕಡೆ ನೋಡೇ ಇರಲಿಲ್ಲ. ಭಾನುವಾರ, ಸೈಕಲ್ ಶಾಪಿಗೆಲ್ಲ ಬಾಗಿಲು.

"ತಿರುಗಿ ಹೋಗೋಣ," ಅಂದೆ. "ತಳ್ಕೊಂಡು ಹೋಗಿ ನಿಂತರೆ ನಿಮ್ಮಪ್ಪ ಏನಂತಾರೆ? ಚೈನು ಬದಲಾಯಿಸಿ ಇನ್ನೊಂದು ವಾರ ಬರೋಣ."

ಅವಳು ಬಗ್ಗಿ, ತನ್ನ ಪೆಡಲನ್ನ ಕೈಯಲ್ಲಿ ತಿರುಗಿಸಿದಳು. ಹಿಂದಿನ ಚಕ್ರ ತಿರುಗಿತು.

"ಇದು ಓಡ್ತಿದೆಯಲ್ಲ?"

ಹೌದು, ನಾನೇ ಮಾಡಿದ ಗಾಡಿ, ನನಗೇ ಮರೆತಿತ್ತು. ನನ್ನ ಪೆಡಲಿನ ಬಲ ಮೊದಲು ಅವಳ ಪೆಡಲಿಗೆ ಹೋಗಬೇಕು, ಅಲ್ಲಿಂದ ಚಕ್ರಕ್ಕೆ. ಕಟ್ಟಾದದ್ದು ನನ್ನ ಚೈನು, ಅವಳದು ಗಟ್ಟಿಯಾಗಿತ್ತು.

"ನಾಲ್ಕು ವರ್ಷ ಆಯ್ತು ರೀ. ಇನ್ನೊಂದು ವಾರ ಅಂತ ನನಗೆ ಹೇಳ್ಬೇಡಿ. ನೀವು ಹ್ಯಾಂಡ್ಲು ಹಿಡೀರಿ, ಬ್ರೇಕ್ ನೋಡ್ಕೊಳ್ಳಿ. ತುಳಿಯೋದು ನಾನು."

ಹತ್ತಿ ಕೂತೆ. ಏನು ಹೇಳಲಿ! ಯಾರಾದರೂ ನೋಡಿದರೆ ಕಾಲು ನಿಲ್ಲಿಸ್ತಿದ್ದ ಹೆಂಗಸು, ಜನ ನೋಡ್ತಿದ್ದ ಹಾಗೇ ಇನ್ನೂ ಜೋರಾಗಿ ತುಳಿದಳು. ವಿದ್ಯಾನಗರದಲ್ಲಿ ಕಾಲೇಜು ಹುಡುಗರು ಕೇಕೆ ಹಾಕಿದರು, ಇವಳು ಬೆಲ್ ಹೊಡೀರಿ ಅಂದಳು. ನನ್ನ ಬೆನ್ನಿಗೆ ಅವಳ ಉಸಿರು ಬುಸ್ ಬುಸ್ ಅಂತ ಬಡೀತಿತ್ತು. "ಅಪ್ಪ ತುಳೀತಿಲ್ಲ! ಅಪ್ಪ ಸುಮ್ನೆ ಕೂತಿದೆ!" ಅಂತ ಮಗಳು ದಾರಿಹೋಕರಿಗೆಲ್ಲ ಸಾರುತ್ತಿತ್ತು. ತುಂಗಾ ಸೇತುವೆ ಮೇಲೆ ಗಾಳಿಗೆ ಹಸಿರು ಸೆರಗಿನ ತುದಿ ಬಿಚ್ಚಿ ನನ್ನ ಭುಜದ ಮೇಲೆ ಹಾರಾಡಿತು. ನಾಚಿಕೆಯೋ ಖುಷಿಯೋ, ನಾನಂತೂ ಗಟ್ಟಿಯಾಗಿ ನಗ್ತಿದ್ದೆ.

ಮಾವ ಮನೆ ಮುಂದೆ ಪೇಪರ್ ಹಿಡಿದು ನಿಂತಿದ್ದರು. ಬ್ರೇಕ್ ಹಾಕಿದೆ. ಅವಳು ಇಳಿದವಳೇ ಅಪ್ಪನ ಮುಖ ಒಂದು ಸಲ ನೋಡಿ, ಮಗಳ ಕೈ ಹಿಡಿದು, "ಅಮ್ಮಾ, ಮೊದಲು ನೀರು ಕೊಡೆ!" ಅಂತ ಕೂಗ್ತಾ ಒಳಗೆ ಓಡಿದಳು.

"ಏನಯ್ಯಾ," ಅಂದರು ಮಾವ. "ನೀನು ಆರಾಮಾಗಿ ಮುಂದೆ ಕೂತಿದ್ದೀಯ, ನನ್ನ ಮಗಳ ಕೈಲಿ ತುಳಿಸ್ಕೊಂಡು ಬರ್ತಿದ್ದೀಯಾ?"

ಏನಾದರೂ ಸಬೂಬು ಹೇಳಬಹುದಿತ್ತು. ಇದ್ದದ್ದನ್ನ ಇದ್ದ ಹಾಗೇ ಹೇಳಿದೆ.

"ಮುಂದಿನ ಚೈನು ಕಟ್ಟಾಯ್ತು ಮಾವ. ಹಳೇದು ಹಾಕಿದ್ದೆ, ತಪ್ಪು ನಂದೇ. ಮಲವಗೊಪ್ಪದಿಂದ ಇಲ್ಲೀತನಕ ಎಳ್ಕೊಂಡು ಬಂದಿದ್ದು ಅವಳು. ಸ್ವಂತ ಗಾಡೀಲಿ ಬರ್ತೀನಿ ಅಂದಿದ್ದೆ, ಬಂದೆ ಅಂತ ಹೇಳ್ಕೊಳ್ಳೋ ಹಾಗಿಲ್ಲ."

ಅವರು ಪೇಪರ್ ಮಡಚಿ ಕಂಕುಳಲ್ಲಿಟ್ಟುಕೊಂಡು ಕುಕ್ಕರಗಾಲಲ್ಲಿ ಕೂತರು. ಬೆಸುಗೆ ಒಂದೊಂದನ್ನೂ ಹೆಬ್ಬೆರಳಲ್ಲಿ ಸವರಿದರು. ಎದ್ದು ಬ್ರೇಕ್ ಒತ್ತಿ ನೋಡಿದರು.

"ಮೂವತ್ತು ವರ್ಷ ಓಡಿಸಿದೀನಿ ಮಾರಾಯ. ದಾರೀಲಿ ಕೆಟ್ಟು ನಿಲ್ಲದ ಗಾಡಿ ಒಂದೂ ಸಿಕ್ಕಿಲ್ಲ ನನಗೆ. ಜನಾನ ಊರು ಮುಟ್ಟಿಸ್ತೋ ಇಲ್ವೋ, ಅಷ್ಟೇ ಲೆಕ್ಕ. ಸ್ಟ್ಯಾಂಡ್ ಎಲ್ಲಿ ಇದಕ್ಕೆ?"

ಸ್ಟ್ಯಾಂಡ್ ಹಾಕಿರಲಿಲ್ಲ. ಮನೇಲಿ ಗೋಡೆಗೆ ಒರಗಿಸ್ತಿದ್ದೆ. ಇಲ್ಲಿ ಗೋಡೆಗೂ ರಸ್ತೆಗೂ ನಡುವೆ ಚರಂಡಿ. ಗಾಡಿ ಬಿಟ್ಟರೆ ಬೀಳುತ್ತೆ, ಹಿಡಿದು ನಿಂತರೆ ಒಳಗೆ ಹೋಗೋ ಹಾಗಿಲ್ಲ.

ಮಾವ ನನ್ನ ಕೈಯಿಂದ ಹ್ಯಾಂಡ್ಲು ತಗೊಂಡರು.

"ನಾನು ಹಿಡ್ಕೊಂಡಿರ್ತೀನಿ. ನೀನು ಹೋಗು ಒಳಗೆ."