ಕೊನೆಯ ‘ಸ್’ ಯಾರದು?

ಸುಲಭ ಎಂದು ಯಾರಾದರೂ ಅಂದರೆ ನಿಕೊಲಾಸಾ ಉರ್ರೂತಿಯಾ ಅನುಮಾನದಿಂದ ಕೈಚೀಲವನ್ನು ಮಡಿಲಿಗೆ ಎಳೆದುಕೊಳ್ಳುವವಳು. ಇಂಗ್ಲಿಷಿನ ವರ್ತಮಾನ ಕಾಲ ಬಹಳ ಸುಲಭ ಎಂದು ಮೇಷ್ಟ್ರಮ್ಮ ಮೊದಲ ದಿನವೇ ಹೇಳಿಬಿಟ್ಟಿದ್ದಳು. ಸ್ಪ್ಯಾನಿಷ್ ಆಡುವ ತನ್ನೂರು ಸಕಾತೆಕಾಸಿನಿಂದ ಇಂಗ್ಲಿಷಿನ ನಾಡಾದ ಫ್ರೆಸ್ನೊಗೆ ಬಂದು, ಹತ್ತೊಂಬತ್ತು ವರ್ಷ ದ್ರಾಕ್ಷಿ ಕೊಯ್ದು, ಮಂಡಿ ಸವೆದ ಮೇಲೆ ಮುದುಕರನ್ನು ನೋಡಿಕೊಳ್ಳುವ ಕೆಲಸ ಹಿಡಿದವಳು ನಿಕೊಲಾಸಾ. ಈಗ ಐವತ್ತಮೂರನೆಯ ವಯಸ್ಸಿನಲ್ಲಿ, ಮಂಗಳವಾರ ಮತ್ತು ಗುರುವಾರ ಸಂಜೆ ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಕ್ರಿಯಾಪದ ಕಲಿಯುತ್ತಿದ್ದಳು. ಕಲಿಯುವ ಸಂಗತಿಯನ್ನು ಕೆಲಸದ ಮನೆಯವರಿಗೆ ಹೇಳಿರಲಿಲ್ಲ. ಎಲ್ಲವನ್ನೂ ಎಲ್ಲರಿಗೂ ಹೇಳಿ ಉದ್ಧಾರವಾದವರನ್ನು ಅವಳು ಕಂಡಿರಲಿಲ್ಲ.

ಅವಳ ಅನುಮಾನ ಬುಡವಿಲ್ಲದ್ದೇನಲ್ಲ. ಸ್ಪ್ಯಾನಿಷಿನಲ್ಲಿ ಕ್ರಿಯಾಪದದ ಬಾಲ ನೋಡಿದರೆ ಸಾಕು, ನಾನೋ ನೀನೋ ಎಂದು ತಿಳಿಯುತ್ತದೆ. ಇಂಗ್ಲಿಷಿನಲ್ಲಿ ಎಲ್ಲರಿಗೂ ಬೋಳು ಪದ, ಎಲ್ಲೋ ಒಂದು ಕಡೆ ಮಾತ್ರ ಕೊನೆಗೊಂದು ‘ಸ್’. ಅವಳ ಭಾಷೆಯಲ್ಲಿ ಆ ‘ಸ್’ ಬಂದರೆ ಅದು ‘ನೀನು’, ಅದೂ ಸಲಿಗೆಯ ಏಕವಚನ. ಇಂಗ್ಲಿಷಿನಲ್ಲಿ ಅದು ಯಾರದೆಂದು ಮೇಷ್ಟ್ರಮ್ಮ ವಿವರಿಸಿದ ದಿನ ಇವಳಿಗೆ ಬಸ್ಸು ತಪ್ಪಿತ್ತು. ಹಾಗಾಗಿ ಆ ‘ಸ್’ ಕಿವಿಗೆ ಬಿದ್ದಾಗಲೆಲ್ಲ ಯಾರೋ ತನ್ನ ಕಡೆಗೇ ಬೆರಳು ತೋರಿಸಿದಂತೆ ಅನಿಸುತ್ತಿತ್ತು.

ಆಗ ಅವಳು ನೋಡಿಕೊಳ್ಳುತ್ತಿದ್ದದ್ದು ಆಸ್ಟ್ರಾಂಡರ್ ಎಂಬ ಎಂಬತ್ತಾರರ ಮುದುಕನನ್ನು. ಮಗಳು ಲೋರ್ನಾ ದಿನಾ ಬೆಳಿಗ್ಗೆ ಬಂದು ನೋಡಿಹೋಗುವಳು, ಮಗ ಭಾನುವಾರ ಬರುವನು. ಅಣ್ಣ ತಂಗಿ ಫ್ರಿಜ್ಜಿನ ಬಾಗಿಲಿಗೆ ಚೀಟಿ ಅಂಟಿಸಿ ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸುತ್ತಿದ್ದರು.

ಒಂದು ಸೋಮವಾರ ಲೋರ್ನಾ ಅಂಟಿಸಿದ ಹೊಸ ಚೀಟಿ ಕಂಡಿತು: “ಹೈಡ್ಸ್ ಪಿಲ್ಸ್. ಲೈಸ್ ಅಬೌಟ್ ಇಟ್.” ನಿಕೊಲಾಸಾ ನಿಘಂಟು ತೆಗೆದು ಒಂದೊಂದೇ ಪದ ಹುಡುಕಿದಳು. ಬಚ್ಚಿಡುವುದು, ಮಾತ್ರೆ, ಸುಳ್ಳು. ಎರಡು ಕ್ರಿಯಾಪದ, ಎರಡಕ್ಕೂ ಬಾಲದಲ್ಲಿ ‘ಸ್’. ಮಾತ್ರೆ ಬಚ್ಚಿಡುತ್ತೀಯ. ಸುಳ್ಳು ಹೇಳುತ್ತೀಯ. ಅವಳ ಮೈಯೆಲ್ಲ ಉರಿದುಹೋಯಿತು. ಈ ಕೆಲಸ ಸಿಗುವುದೇ ಬಾಯಿಂದ ಬಾಯಿಗೆ ಹೋಗುವ ಒಳ್ಳೆಯ ಹೆಸರಿನಿಂದ. ಮಾತ್ರೆ ಕದ್ದವಳು ಎನಿಸಿಕೊಂಡರೆ ಇನ್ಯಾವ ಮನೆಯವರೂ ಬಾಗಿಲು ತೆರೆಯರು.

ಮರುದಿನ ಕ್ಲಾಸಿನಲ್ಲಿ, ಪಕ್ಕದಲ್ಲಿ ಕೂರುವ ತೋಟಗಾರ ಅಬುಂದಿಯೊನಿಗೆ ನಕಲು ಮಾಡಿಕೊಂಡ ಚೀಟಿ ತೋರಿಸಿದಳು.

“ನೋಡಿ ದೋನ್ ಅಬುಂದಿಯೊ, ನನ್ನ ನೀನು ಅಂತ ಬರ್ದಿದ್ದಾಳೆ. ಬೈಯೋದನ್ನಾದ್ರೂ ಮರ್ಯಾದೆ ಕೊಟ್ಟು ಬೈಬಾರ್ದಾ?”

ಅಬುಂದಿಯೊ ಓದಿ ನಕ್ಕ, ಮರ್ಯಾದೆಯ ‘ದೋನ್ಯಾ’ ಮಾತ್ರ ಬಿಡಲಿಲ್ಲ. “ಅಲ್ಲಾ ದೋನ್ಯಾ, ಅನುಮಾನದ ಪಿಶಾಚಿ ಕಣ್ರೀ ನೀವು. ಇವರ ‘ಸ್’ ಅಂದ್ರೆ ನೀನು ಅಲ್ಲ, ಅವನು. ಮುದುಕ ಮಾತ್ರೆ ಬಚ್ಚಿಡ್ತಾನೆ ಅಂತ, ಅಷ್ಟೇ.”

ಅವಳಿಗೆ ಹೋದ ಜೀವ ಬಂದಂತಾಯಿತು. ಖುಷಿಗೆ ಅವನಿಗೊಂದು ಸಿಹಿ ಬ್ರೆಡ್ಡನ್ನೂ ಕೊಡಿಸಿದಳು. ಆದರೆ ಬಸ್ಸಿನಲ್ಲಿ ಕೂತು ಪುಸ್ತಕದ ಆ ಪುಟ ತೆರೆದಾಗ ‘ಸ್’ ಮುಂದೆ ಮೂವರಿದ್ದರು: ಅವನು, ಅವಳು, ಅದು. ನಮ್ಮ ಕನ್ನಡದಲ್ಲಾಗಿದ್ದರೆ ಬಚ್ಚಿಡುತ್ತಾನೆ, ಬಚ್ಚಿಡುತ್ತಾಳೆ ಎಂದು ಬಾಲವೇ ಬಾಯಿಬಿಡುತ್ತಿತ್ತು. ಈ ‘ಸ್’ ಗಂಡಿಗೂ ಸೈ, ಹೆಣ್ಣಿಗೂ ಸೈ. ಹಾಗಾದರೆ ಬಚ್ಚಿಡುವುದು ಅವನೋ, ಅವಳೋ? ತನಗೆ ಹೇಳುವುದೇನಾದರೂ ಇದ್ದರೆ ಲೋರ್ನಾ ಕೈಸನ್ನೆ ಮಾಡುತ್ತಿದ್ದಳೇ ಹೊರತು ಎಂದೂ ಬರೆದವಳಲ್ಲ. ಈ ಹೆಂಗಸಿಗೆ ಓದಲು ಬಾರದು ಎಂದೇ ಆಕೆಯ ಲೆಕ್ಕ. ಚೀಟಿ ಅಣ್ಣನಿಗೆ ಬರೆದದ್ದು, ಆ ‘ಅವಳು’ ತಾನೇ ಇರಬಹುದು. ನಿಕೊಲಾಸಾ ತನ್ನ ನಿಲ್ದಾಣ ದಾಟಿದ್ದನ್ನೂ ಗಮನಿಸಲಿಲ್ಲ.

ಮುಂದಿನ ಎರಡು ದಿನ ಅವಳು ಮುದುಕನ ಮೇಲೆ ಕಣ್ಣಿಟ್ಟಳು. ಮಾತ್ರೆ ಬಾಯಿಗೆ ಹಾಕಿಕೊಳ್ಳುತ್ತಾನೆ, ನೀರು ಕುಡಿಯುತ್ತಾನೆ, ಆಮೇಲೆ ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಾನೆ. ಶುಕ್ರವಾರ ಬೆಳಿಗ್ಗೆ ಅಲ್ಲಿದ್ದ ಹೂಕುಂಡದ ಮಣ್ಣು ಕೆದಕಿದಳು. ಅರ್ಧ ಕರಗಿದ ಬಿಳಿ ಮಾತ್ರೆಗಳು ಮೇಲೆ ಬಂದವು. ಅವು ನಿದ್ದೆ ತರಿಸುತ್ತವೆ, ದಿನವೆಲ್ಲ ನಿದ್ದೆ, ಎಂದು ಮುದುಕ ಗೊಣಗಿದ. ಅವನನ್ನು ಕಂಡು ಪಾಪ ಅನಿಸಿತು. ಆದರೆ ಹೋಗುತ್ತಿದ್ದ ಮಾನ ತನ್ನದು.

ಲೋರ್ನಾ ಬಂದೊಡನೆ ಕುಂಡವನ್ನು ಮೇಜಿನ ಮೇಲಿಟ್ಟು, ಚೀಟಿಯತ್ತ ಬೆರಳು ತೋರಿಸಿ, ಇದು ಯಾರು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಲೋರ್ನಾ ಮಣ್ಣನ್ನು ನೋಡಿದಳು, ಚೀಟಿಯನ್ನು ನೋಡಿದಳು, ಕುತ್ತಿಗೆಯವರೆಗೂ ಕೆಂಪಾದಳು. ಪೆನ್ನು ತೆಗೆದು ಸಾಲಿನ ಮುಂದೆ ‘ಅಪ್ಪ’ ಎಂದು ಬರೆದಳು. ಬರೆದು, “ಸಾರಿ, ನಿಕೊಲಾಸಾ” ಅಂದಳು.

ಅಪ್ಪನ ವಿಷಯವನ್ನೇ ಬರೆದಿದ್ದರೆ ತನಗೇಕೆ ಸಾರಿ? ಹುಟ್ಟಿದಾಗಿನಿಂದ ಅನುಮಾನಪಟ್ಟುಕೊಂಡೇ ಬಂದವಳು ಇದೊಂದು ಸಲ ತನ್ನ ಅನುಮಾನ ಸುಳ್ಳಾಗಲಿ ಎಂದು ಆಸೆಪಟ್ಟಿದ್ದಳು. ಅವಳ ಊರಲ್ಲಿ ಮಾತುಮಾತಿಗೆ ನಾನು ನಾನು ಅನ್ನುವವರನ್ನು ಜಂಬದವರು ಎನ್ನುತ್ತಾರೆ. ಅಂದು ನಿಕೊಲಾಸಾ ಇಂಗ್ಲಿಷಿನಲ್ಲಿ ಮೂರು ಸಲ ನಾನು ಅಂದಳು: ನಾನು ಬಚ್ಚಿಡುವುದಿಲ್ಲ, ನಾನು ಸುಳ್ಳು ಹೇಳುವುದಿಲ್ಲ, ನಾನು ಕೆಲಸ ಮಾಡುತ್ತೇನೆ. ಒಂದು ತಪ್ಪೂ ಇರಲಿಲ್ಲ.

ಲೋರ್ನಾ ತಲೆ ತಗ್ಗಿಸಿಕೊಂಡು ಚೀಟಿ ಕೀಳಲು ಹೋದಳು. ನಿಕೊಲಾಸಾ ಅವಳ ಕೈ ಹಿಡಿದಳು.

“ಕೀಳಬೇಡಿ ಸೆನ್ಯೋರಾ. ಭಾನುವಾರದ ತನಕ ಇರಲಿ. ನಿಮ್ಮಣ್ಣನೂ ಓದ್ಲಿ.”