ಹಳೆಯ ಸರ್ವರಿನಲ್ಲಿ ಉಳಿದ ಉತ್ತರ

ಬೆಟಗೇರಿಯ ಸೌಂದರ್ಯಾ ಏನು ಕೆಲಸ ಮಾಡುತ್ತಾಳೆಂದು ಯಾರಾದರೂ ಕೇಳಿದರೆ ಅವಳ ಅತ್ತೆ ಅಂಬವ್ವ, "ಮಂದಿ ಅಂಗಡಿ ಬೋರ್ಡು ಕಂಪ್ಯೂಟರಿನ್ಯಾಗ ತೂಗಹಾಕ್ತಾಳ" ಎನ್ನುತ್ತಿದ್ದಳು. ಅದು ಅಷ್ಟೇನೂ ತಪ್ಪಲ್ಲ. ಮದುವೆಗೆ ಮುಂಚೆ ಗದಗಿನ ಕಂಪ್ಯೂಟರ್ ಅಂಗಡಿಯಲ್ಲಿ ಕಲಿತ ವಿದ್ಯೆಯನ್ನು ಸೌಂದರ್ಯಾ ಗಂಡನ ಮನೆಯ ಮಾಳಿಗೆ ಕೋಣೆಗೆ ತಂದಿದ್ದಳು. ಮುಂಡರಗಿಯ ಬೀಜದ ಅಂಗಡಿ, ಗದಗಿನ ಸೀರೆ ಅಂಗಡಿ, ಬೆಳ್ಳಟ್ಟಿಯ ಒಂದು ಶಾಲೆ, ಹೀಗೆ ಹಲವರ ವೆಬ್‌ಸೈಟುಗಳಿಗೆ ತಾನು ಬಾಡಿಗೆ ಹಿಡಿದ ಸರ್ವರಿನಲ್ಲಿ ಜಾಗ ಕೊಡುತ್ತಿದ್ದಳು. ಸೈಟಿನ ಹೆಸರು ಕೇಳಿ ಬಂದವರಿಗೆ ಅದು ಇರುವ ಐಪಿ ವಿಳಾಸವನ್ನು ಹೇಳುವ ನೇಮ್‌ಸರ್ವರುಗಳನ್ನೂ ಅವಳೇ ಸಿದ್ಧಮಾಡುತ್ತಿದ್ದಳು. ಗಿರಾಕಿಗಳು ಸಿಟ್ಟಿನಿಂದ ಫೋನು ಮಾಡಿದರೂ "ಚಾ ಆತೇನ್ರಿ?" ಎಂದೇ ಮಾತು ಶುರುಮಾಡುವ ಹೆಣ್ಣುಮಗಳು.

ಆ ಗಿರಾಕಿಗಳಲ್ಲಿ ಅವಳಿಗೆ ಬಲು ಅಚ್ಚುಮೆಚ್ಚಿನವರು ಲಕ್ಷ್ಮೇಶ್ವರದ ಪುಂಡಲೀಕಪ್ಪ. ಬಸ್ ಕಂಡಕ್ಟರ್ ಆಗಿದ್ದು ನಿವೃತ್ತರಾದ ಮೇಲೆ ಅವರು ಹೆಣ್ಣು ಗಂಡು ಕೂಡಿಸುವ ಒಂದು ವೆಬ್‌ಸೈಟು ಮಾಡಿಸಿದ್ದರು. ಅದು ಮೂವತ್ತೈದು ದಾಟಿದವರಿಗೆ ಮಾತ್ರ. "ಇವರ ವಯಸ್ಸು ಮೀರಿತು ಅಂತ ಮಂದಿ ಹುಡುಕೋದು ಬಿಟ್ಟಾರ, ಇವರಿಗೇನು ಮನಸ್ಸಿಲ್ಲೇನು?" ಎನ್ನುತ್ತಿದ್ದರು. ಫೋನ್ ನಂಬರು ಕೊಡಲು ಸಂಕೋಚಪಡುವವರು ಸೈಟಿನೊಳಗೇ ಒಬ್ಬರಿಗೊಬ್ಬರು ಬರೆದುಕೊಳ್ಳಬಹುದಿತ್ತು.

ಆ ಬೇಸಿಗೆಯಲ್ಲಿ ಹಳೆಯ ಸರ್ವರು ಪದೇ ಪದೇ ಕೆಡತೊಡಗಿತು. ಸೌಂದರ್ಯಾ ಹೊಸದೊಂದನ್ನು ಹಿಡಿದು ಎಲ್ಲರ ಸೈಟುಗಳನ್ನೂ ಒಂದೊಂದಾಗಿ ಅಲ್ಲಿಗೆ ಸಾಗಿಸಿದಳು. ಜಾಗ ಬದಲಾದರೆ ಐಪಿ ವಿಳಾಸವೂ ಬದಲಾಗುತ್ತದೆ. ಹೊಸ ವಿಳಾಸವನ್ನು ಮೊದಲನೆಯ ನೇಮ್‌ಸರ್ವರಿನಲ್ಲಿ ಬರೆದು, ಬದಲಾವಣೆ ಆಗಿದೆಯೆಂದು ಸೂಚಿಸುವ ಅಂಕಿಯೊಂದನ್ನು ಏರಿಸಿದರೆ ಎರಡನೆಯ ನೇಮ್‌ಸರ್ವರು ತಾನಾಗಿಯೇ ನಕಲು ಮಾಡಿಕೊಳ್ಳುತ್ತದೆ. ಪುಂಡಲೀಕಪ್ಪನವರ ಸೈಟಿನ ಸರದಿ ಬಂದ ದಿನವೇ ಅಂಬವ್ವನ ಕಣ್ಣಿನ ಪೊರೆ ತೆಗೆಸುವುದಿತ್ತು. ಕೆಳಗಿನಿಂದ ಅತ್ತೆ, "ಆಟೋ ಬಂತು, ಜಲ್ದಿ ಬಾ" ಎಂದು ಕೂಗಿದಳು. ಸೌಂದರ್ಯಾ ವಿಳಾಸ ಬರೆದಳು, ಅಂಕಿ ಏರಿಸುವುದನ್ನು ಮರೆತು ಇಳಿದು ಹೋದಳು.

ಕೆಲವು ದಿನಗಳಾದ ಮೇಲೆ ಪುಂಡಲೀಕಪ್ಪ ಫೋನು ಮಾಡಿದರು.

"ಸೌಂದರ್ಯಾ, ನಾ ಹಾಕಿದ ಹೊಸ ಫೋಟೋ ಒಮ್ಮೆ ಕಾಣ್ತಾವ, ಒಮ್ಮೆ ಮಾಯ ಆಗ್ತಾವ. ಅದು ಹೋಗ್ಲಿ. ನಿಮ್ಮ ಓಣಿ ರೋಜಾ ತನ್ನ ಹೆಸರು ತಗೀರಿ ಅಂದಾಳ. ಶಿರಹಟ್ಟಿ ಸಿದ್ದರಾಮನ ಕೂಡ ಛಲೋ ಮಾತು ನಡದಿತ್ತು. ಏನಾತೋ ಏನೋ, ಇಬ್ಬರೂ ಬಾಯಿ ಬಿಡವಲ್ಲರು."

ಫೋಟೋಗಳು ಮಾಯವಾಗುವ ಮಾತು ಕೇಳುತ್ತಲೇ ಸೌಂದರ್ಯಾ ಕಂಪ್ಯೂಟರಿನ ಮುಂದೆ ಕೂತಳು. ಎರಡೂ ನೇಮ್‌ಸರ್ವರುಗಳನ್ನು ಬೇರೆಬೇರೆಯಾಗಿ ಕೇಳಿ ನೋಡಿದಳು. ಒಂದು ಹೊಸ ವಿಳಾಸ ಹೇಳಿತು, ಇನ್ನೊಂದು ಹಳೆಯದನ್ನೇ ಹೇಳಿತು.

"ಕಾಕಾ, ತಪ್ಪು ನಂದರಿ," ಎಂದಳು. "ಬಸ್‌ಸ್ಟ್ಯಾಂಡಿನ್ಯಾಗ ವಿಚಾರಣೆ ಕಿಟಕಿ ಎರಡು ಅದಾವ ಅನ್ಕೋರಿ. ಮುಂಡರಗಿ ಬಸ್ಸು ಎಲ್ಲಿ ನಿಲ್ತೈತಿ ಅಂತ ಕೇಳಿದ್ರ ಒಬ್ಬಾಂವ ಹೊಸ ಜಾಗಾ ಹೇಳ್ಯಾನ, ಇನ್ನೊಬ್ಬಾಂವ ಹಳೆ ಜಾಗಾನ ತೋರ್ಸ್ಯಾನ. ಅರ್ಧ ಮಂದಿ ಇಲ್ಲಿ, ಅರ್ಧ ಮಂದಿ ಅಲ್ಲಿ ನಿಂತಾರ."

"ಅಯ್ಯ ಶಿವನ! ಹಂಗಾರ ಅಲ್ಲಿ ನಿಂತವರು ಬರದದ್ದು?"

"ಅಲ್ಲೇ ಉಳದಿರಬೇಕು."

ಪುಣ್ಯಕ್ಕೆ ಹಳೆಯ ಸರ್ವರನ್ನು ಇನ್ನೂ ಬಿಟ್ಟುಕೊಟ್ಟಿರಲಿಲ್ಲ. ತೆರೆದು ನೋಡಿದರೆ ಸೈಟು ಸಾಗಿಸಿದ ಮೇಲೆ ಅಲ್ಲಿ ಬಂದು ಬಿದ್ದಿದ್ದು ಒಂದೇ ಪತ್ರ. ಸಿದ್ದರಾಮನಿಂದ ರೋಜಾಗೆ. ಇಬ್ಬರ ಹೆಸರು ಬಿಟ್ಟು ಮುಂದೆ ಓದಲು ಸೌಂದರ್ಯಾಗೆ ಮನಸ್ಸಾಗಲಿಲ್ಲ. ನೇಮ್‌ಸರ್ವರನ್ನು ಸರಿಪಡಿಸಿ, ಪತ್ರವನ್ನು ಹೊಸ ಜಾಗಕ್ಕೆ ಸೇರಿಸಿ, ಚಪ್ಪಲಿ ಮೆಟ್ಟಿ ಹೊರಟಳು.

ರೋಜಾ ನೆಲ ತೋಡಿ ಹೂಡಿದ ಕುಣಿಮಗ್ಗದಲ್ಲಿ, ಗುಂಡಿಯೊಳಗೆ ಕಾಲು ಇಳಿಬಿಟ್ಟು ನೇಯುತ್ತಿದ್ದಳು. ತಂದೆ ತೀರಿಕೊಂಡ ಮೇಲೆ ತಂಗಿಯರಿಬ್ಬರ ಮದುವೆಯನ್ನು ಆ ಮಗ್ಗದ ಮೇಲೆಯೇ ಮಾಡಿದವಳು. ಈಗ ಅದನ್ನು ಬಿಟ್ಟು ಬಾ ಎನ್ನುವ ಗಂಡು ತನಗೆ ಬೇಡ ಎಂದಿದ್ದಳು.

"ರೋಜಕ್ಕ, ಹೆಸರು ತಗಿಯಾಕ ಹೇಳೀರಂತ."

"ಹೂಂ. ಸಾಕಾತು." ಲಾಳಿ ಓಡುತ್ತಲೇ ಇತ್ತು. "ನಿಮ್ಮ ಮನ್ಯಾಗ ಮಗ್ಗಕ್ಕ ಜಾಗಾ ಐತೇನ್ರಿ ಅಂತ ಒಂದ ಮಾತು ಕೇಳಿದೆ. ಮನಷ್ಯಾ ಸುಮ್ಮನಾಗೇ ಬಿಟ್ಟ."

"ಸುಮ್ಮನಾಗಿಲ್ರಿ ಅವರು. ಉತ್ತರ ಬರದಿದ್ರು. ನಾ ಮಾಡಿದ ತಪ್ಪಿನಿಂದ ನಿಮಗ ಮುಟ್ಟಲಿಲ್ಲ."

ಲಾಳಿ ನಿಂತಿತು. ರೋಜಾ ಸೆರಗಿಗೆ ಕೈ ಒರೆಸಿಕೊಂಡು ತನ್ನ ಫೋನಿನಲ್ಲಿ ಸೈಟು ತೆರೆದಳು. ತುಟಿ ಅಲ್ಲಾಡಿಸುತ್ತ ಓದಿದಳು. ಆಮೇಲೆ ಸೌಂದರ್ಯಾಗೂ ಕೇಳಲೆಂದೋ, ತನಗೇ ನಂಬಿಕೆ ಬರಲೆಂದೋ ಗಟ್ಟಿಯಾಗಿ ಓದಿದಳು.

"ಪಡಸಾಲಿ ಬಾಜೂ ಕೋಣಿ ಅಳತಿ ಮಾಡೀನಿ. ಅಲ್ಲಿದ್ದ ಹಳೆ ಮೋಟರೆಲ್ಲ ಹೊರಗ ಹಾಕೀನಿ. ಮೂಡಣ ಕಿಡಕಿಯಿಂದ ಬೆಳಕು ಛಲೋ ಬರ್ತೈತಿ. ನನಗ ಮಗ್ಗದ ಖಬರ ಇಲ್ಲ. ಕುಣಿ ಎಷ್ಟು ಆಳ ತೋಡಬೇಕು, ತಿಳಸರಿ."

ಅವಳು ಫೋನು ಮಡಿಲಿಗೆ ಇಳಿಸಿದಳು. ಕೆನ್ನೆ ಒದ್ದೆಯಾಗಿತ್ತು.

"ಇಷ್ಟು ದಿನ ಅವರು ಏನಂತ ತಿಳಕೊಂಡಿರಬೇಕು, ಪಾಪ," ಎಂದಳು.

"ಈಗ ಬರೀರಲ್ಲ. ಈ ಸಲ ಖರೇನ ಮುಟ್ಟತೈತಿ."

"ಬರಿಯೂದು ಬ್ಯಾಡವ್ವ," ರೋಜಾ ಕುಣಿಯಿಂದ ಎದ್ದಳು. "ಶಿರಹಟ್ಟಿ ಬಸ್ಸು ಯಾವಾಗ ಐತಿ ಹೇಳು."

ಹೆಣ್ಣುಮಕ್ಕಳಿಬ್ಬರೇ ಹೋಗುವುದು ಚೆಂದವಲ್ಲವೆಂದು ಅಂಬವ್ವನೂ ಕಪ್ಪು ಕನ್ನಡಕ ಏರಿಸಿ ಹೊರಟೇಬಿಟ್ಟಳು. ಫೋನಿನಲ್ಲಿ ಸುದ್ದಿ ತಿಳಿದ ಪುಂಡಲೀಕಪ್ಪ ಲಕ್ಷ್ಮೇಶ್ವರದಿಂದ ಬಂದು ಶಿರಹಟ್ಟಿ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದರು.

ಸಿದ್ದರಾಮನದು ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳಿಗೆ ತಂತಿ ಸುತ್ತುವ ಅಂಗಡಿ. ಬಾಗಿಲಲ್ಲಿ ನಿಂತ ರೋಜಾಳನ್ನು ಫೋಟೋದಿಂದಲೇ ಗುರುತಿಸಿದ. ಆದರೆ ಮುಖದಲ್ಲಿ ನಗು ಬರಲಿಲ್ಲ.

"ನಾ ಬರದದ್ದು ಮರುದಿನ ನೋಡಿದ್ರ ಅಲ್ಲಿ ಇರಲೇ ಇಲ್ಲ," ಎಂದ, ತಂತಿ ನೋಡುತ್ತ. "ಮನಸ್ಸಿಗೆ ಬರಲಿಲ್ಲ, ಅಳಸಿ ಬಿಟ್ರಿ ಅಂತ ತಿಳಕೊಂಡೆ."

ರೋಜಾ ಸೌಂದರ್ಯಾಳ ಕಡೆ ತಿರುಗಿದಳು. ಸೌಂದರ್ಯಾ ಮುಂದೆ ಬಂದಳು. "ಅವರು ಅಳಸಿಲ್ರಿ. ನೀವು ಬರದದ್ದು ಹಳೆ ಜಾಗದಾಗ ಉಳೀತು, ಮರುದಿನ ನೀವು ನೋಡಿದ್ದು ಹೊಸ ಜಾಗಾ. ಅವರಿಗೆ ಅದು ಇವತ್ತು ಮುಂಜಾನಿ ತನಕ ಕಾಣಿಸೇ ಇಲ್ಲ. ಎರಡೂ ಕಡೆ ವಿಳಾಸ ಬದಲಾಗೈತೋ ಇಲ್ಲೋ ಅಂತ ನಾ ನೋಡಬೇಕಿತ್ತು, ನೋಡಲಿಲ್ಲ. ತಪ್ಪಾತ್ರಿ."

ಸಿದ್ದರಾಮ ಅವಳನ್ನೇ ನೋಡಿದ. ಕೈಯಲ್ಲಿದ್ದ ತಾಮ್ರದ ತಂತಿ ಕೆಳಗಿಟ್ಟ.

"ಒಂದು ಸುತ್ತು ತಪ್ಪಿ ನಾನೂ ಮಂದಿ ಮೋಟರು ಸುಟ್ಟೀನ್ರಿ. ನಿಮ್ಮದು ಸುಟ್ಟಿಲ್ಲಲ್ಲ, ತಡಾ ಆಗೈತಿ ಅಷ್ಟ. ಬರ್ರಿ, ಕುಂಡ್ರಿ."

ರೋಜಾ ಕೂರಲಿಲ್ಲ. "ಮೊಣಕಾಲಿಗಿಂತ ಒಂದು ಗೇಣು ಆಳ ಇರಬೇಕ್ರಿ, ಕುಣಿ," ಎಂದಳು.

ಆಗ ಅವನು ನಕ್ಕ.

ಅಂಗಡಿಯ ಹಿಂದೆಯೇ ಮನೆ. ಕೋಣೆಯ ಬಾಗಿಲು ತೆರೆಯಲು ಸಿದ್ದರಾಮ ಹಿಂದೆಮುಂದೆ ನೋಡಿದ. ತೆರೆದಾಗ ಕಾರಣ ಕಂಡಿತು. ಆಸೆ ಬಿಟ್ಟ ದಿನ ಹಳೆಯ ಮೋಟರುಗಳನ್ನೆಲ್ಲ ಮತ್ತೆ ಒಳಗೆ ತುಂಬಿದ್ದ.

"ಇವತ್ತ ತಗೀತೀನಿ," ಎಂದು ಒಂದರ ತುದಿ ಹಿಡಿದ. ರೋಜಾ ಸೆರಗು ಸಿಗಿಸಿಕೊಂಡು ಇನ್ನೊಂದು ತುದಿ ಎತ್ತಿದಳು.

ಪುಂಡಲೀಕಪ್ಪ, ಸೌಂದರ್ಯಾ ಸಣ್ಣವುಗಳನ್ನು ಸಾಗಿಸಿದರು. ಅಂಬವ್ವ ಕಟ್ಟೆಯ ಮೇಲೆ ಕೂತು ಕನ್ನಡಕ ಸರಿಮಾಡಿಕೊಳ್ಳುತ್ತ, "ಕಿಡಕಿ ಮುಂದ ಏನೂ ಇಡಬ್ಯಾಡ್ರಿ, ಆಕಿಗೆ ಬೆಳಕು ಬೇಕಾಗ್ತೈತಿ" ಎಂದು ಹೇಳುತ್ತಿದ್ದಳು.

ಶ್ರಾವಣದಲ್ಲಿ ಮದುವೆಯಾಯಿತು. ಗ್ರೀಸು ಹತ್ತಿದ ಕೈ ನೂಲಿಗೆ ತಾಗಬಾರದೆಂದು ಸಿದ್ದರಾಮ ಮಗ್ಗದ ಕೋಣೆಗೆ ಬರುವ ಮೊದಲು ಸೋಪು ಹಚ್ಚಿ ಕೈ ತೊಳೆದುಕೊಳ್ಳುತ್ತಾನೆ. ರೋಜಾ ಒಳಗಿನಿಂದಲೇ, "ಇನ್ನೊಮ್ಮೆ ತೊಳಕೋರಿ" ಎನ್ನುತ್ತಾಳೆ. ಅವನು ಇನ್ನೊಮ್ಮೆ ತೊಳೆದುಕೊಂಡು ಬಂದು, ಸುಮ್ಮನೆ ನೋಡುತ್ತ ಕೂರುತ್ತಾನೆ.