ಹೊಸಬಾಳೆ ಯಾರ ಪಾಲಿಗೂ ಇರಲಿಲ್ಲ

ಕಂಪ್ಯೂಟರ್ ಡಿಪ್ಲೊಮಾ ಮುಗಿಸಿದ ಫರ್ಹಾನಾ ಶಿಕಾರಿಪುರದ ಒಂದು ಟ್ರಸ್ಟಿನ ಆಂಬ್ಯುಲೆನ್ಸ್ ಸೇವೆ ಸೇರಿದ್ದಳು. ಅಲ್ಲಿನ ಸಾಫ್ಟ್‌ವೇರ್ ಅವಳ ಸುಪರ್ದಿಯಲ್ಲಿತ್ತು. ಯಾವ ಊರಿನಿಂದ ಕರೆ ಬಂದರೂ ಅದು ಎಲ್ಲ ಚಾಲಕರ ಫೋನಿಗೂ ಹೋಗುತ್ತಿತ್ತು. ಪ್ರತಿ ಫೋನಿನಲ್ಲೂ ಆ ಗಾಡಿಯ ಪಾಲಿನ ಊರುಗಳ ಪಟ್ಟಿ ಇತ್ತು; ಪಟ್ಟಿಯಲ್ಲಿದ್ದ ಊರಾದರೆ ಮಾತ್ರ ಫೋನು ರಿಂಗಾಗುತ್ತಿತ್ತು.

ಸೊರಬಕ್ಕೆ ಹೊಸ ಗಾಡಿ ಬಂದ ದಿನ, ಆನವಟ್ಟಿ ಗಾಡಿಯ ಪಾಲಿನಲ್ಲಿದ್ದ ಹೊಸಬಾಳೆ ಮತ್ತು ಸುತ್ತಲ ಊರುಗಳನ್ನು ಅದಕ್ಕೆ ವಹಿಸಬೇಕಾಯಿತು.

“ಸೇವೆ ನಿಲ್ಸೋದು ಬ್ಯಾಡವ್ವ, ಕರೆ ಬರ್ತಾನೇ ಇರ್ತಾವು. ನಡೀತಿರುವಾಗ್ಲೇ ಬದ್ಲಿಸು,” ಎಂದರು ಅಧ್ಯಕ್ಷ ಆನಂದಪ್ಪ.

“ಮೊದ್ಲು ಸೊರಬದ ಫೋನಿಗೆ ಸೇರಿಸಿ, ಅದಕ್ಕೆ ಸಿಕ್ತು ಅಂತ ಗೊತ್ತಾದ್ಮೇಲೆ ಆನವಟ್ಟಿಯಿಂದ ತೆಗೀಬೇಕ್ರೀ. ಒಂದೊಂದೇ ಊರು. ಸಂಜೆ ಆಗುತ್ತೆ.”

“ಅಷ್ಟೊತ್ತು ಯಾಕೆ? ಎರಡಕ್ಕೂ ಒಟ್ಟಿಗೇ ಕಳ್ಸು.”

ಫರ್ಹಾನಾ ಕಳಿಸಿದಳು. ಆನವಟ್ಟಿಯ ಫೋನು ಹೊಸಬಾಳೆಯನ್ನು ಬಿಟ್ಟುಕೊಟ್ಟಿತು. ಸೊರಬದ ಫೋನಿಗೆ ಆ ಗಳಿಗೆ ನೆಟ್‌ವರ್ಕ್ ಇರಲಿಲ್ಲ. ಆಮೇಲೆ ನೆಟ್‌ವರ್ಕ್ ಬಂತು, ಒಮ್ಮೆ ಕಳಿಸಿದ ಬದಲಾವಣೆ ಮತ್ತೆ ಬರಲಿಲ್ಲ.

ಮಧ್ಯಾಹ್ನ ಹೊಸಬಾಳೆಯ ಲೋಕಪ್ಪನಿಗೆ ಎದೆನೋವು ಕಾಣಿಸಿಕೊಂಡಿತು. ಹೆಂಡತಿ ಹುಲಿಗೆಮ್ಮ ಕರೆ ಮಾಡಿದಳು. ಕರೆ ಎರಡೂ ಗಾಡಿಗೆ ತಲುಪಿತು. ಎರಡು ಫೋನೂ ಸುಮ್ಮನಿದ್ದವು. ಕೊನೆಗೆ ಯಾರದೋ ಗೂಡ್ಸ್ ಆಟೊದಲ್ಲಿ ಮಲಗಿಸಿಕೊಂಡು ಹೊರಟರು. ಲೋಕಪ್ಪ ದಾರಿಯಲ್ಲೇ ತೀರಿಕೊಂಡ.

ಮೂರನೆಯ ದಿನ ಫರ್ಹಾನಾ ಬಸ್ಸು ಹತ್ತಿ ಹೊಸಬಾಳೆಗೆ ಹೋದಳು. ಹುಲಿಗೆಮ್ಮ ಗೋಡೆಗೆ ಒರಗಿ ಕೂತಿದ್ದಳು. ತಾನು ಆಂಬ್ಯುಲೆನ್ಸ್ ಟ್ರಸ್ಟಿನವಳು ಎಂದಳು ಫರ್ಹಾನಾ.

“ಗಾಡಿ ಬರ್ತಾ ಇದೆ ಅಂತ ಮೆಸೇಜ್ ಬಂತು. ಅದನ್ನ ನಂಬಿ, ಪಕ್ಕದ್ಮನೆಯವ್ರು ಕಾರ್ ತಂದ್ರೆ ಬೇಡ ಅಂದ್ಬಿಟ್ಟೆ.”

ಕರೆ ಬಂದೊಡನೆ ಆ ಮೆಸೇಜ್ ತಾನಾಗಿ ಹೋಗುವಂತೆ ಮಾಡಿದ್ದವಳೂ ಫರ್ಹಾನಾಳೇ. “ತಪ್ಪು ನಂದೇ ಅಮ್ಮಾ,” ಎಂದಳು.

“ಮಷೀನ್ ಕೆಟ್ರೆ ನೀನೇನ್ ಮಾಡ್ತೀಯ, ಮಗಳೇ?” ಎಂದು ಹುಲಿಗೆಮ್ಮ ಅವಳ ಕೈ ಹಿಡಿದುಕೊಂಡಳು.

ಏನೂ ಕೆಟ್ಟಿರಲಿಲ್ಲ. ಮಷೀನ್ ಅವಳು ಹೇಳಿದ್ದನ್ನೇ ಮಾಡಿತ್ತು. ಬೈದಿದ್ದರೆ ಎದ್ದು ಬರಬಹುದಿತ್ತು. ಆ ಕೈ ಬಿಡಿಸಿಕೊಳ್ಳಲಾಗದೆ ಕೂತೇ ಇದ್ದಳು.

ಟ್ರಸ್ಟಿನಲ್ಲಿ ಯಾರೂ ಅವಳನ್ನು ಏನೂ ಕೇಳಲಿಲ್ಲ. ಹೊಸಬಾಳೆಯನ್ನು ಬೇಗ ಸೊರಬದ ಫೋನಿಗೆ ಸೇರಿಸಿ ಸರಿಪಡಿಸಿದಳೆಂದು ಆನಂದಪ್ಪ ಸಭೆಯಲ್ಲಿ ಹೊಗಳಿದರು. ಅವಳು ಕೆಲಸ ಬಿಡುತ್ತೇನೆಂದರೆ, ಸಾಫ್ಟ್‌ವೇರ್ ನೋಡಿಕೊಳ್ಳಲು ಬೇರೆ ಯಾರಿದ್ದಾರೆ ಎಂದರು. ಯಾರೂ ಇರಲಿಲ್ಲ.

ಈಗ ಪ್ರತಿ ಕರೆಗೂ ಅವಳೇ ಚಾಲಕನಿಗೆ ಫೋನ್ ಮಾಡುತ್ತಾಳೆ. ಆನವಟ್ಟಿ ಗಾಡಿಯ ಚಾಲಕ ತಿಪ್ಪೇಶ ರೇಗುತ್ತಾನೆ: “ಹೊರಟಿದೀನಿ ಅಂತ ಎಷ್ಟ್ ಸಲ ಹೇಳ್ಲಿ ಮೇಡಂ?”

ಅವಳಿಗೆ ನಂಬಿಕೆ ಬರುವುದಿಲ್ಲ.